ಸುಣ್ಣಕಲ್ಲಿನ ನಾಡಿನಲ್ಲಿ ಒಂದು ಒಣಕಾಡು

ಕಾಡು ಎಂಬ ಮಾತನ್ನು ಕೇಳಿದೊಡನೆ ಕನ್ನಡಿಗರ ಮನಸ್ಸು ಮಲೆನಾಡಿನತ್ತ ಹರಿಯುತ್ತದೆ. ಮುಗಿಲು ಮುಟ್ಟುವ ಮರ, ಹಗಲಿನಲ್ಲಿಯೂ ಕತ್ತಲೆ ಕವಿದ ಕಣಿವೆ, ಬಿಡದೆ ಸುರಿಯುವ ಮಳೆ ಇವಿಲ್ಲದ ಪ್ರದೇಶವನ್ನು ಕಾಡೆಂದು ಒಪ್ಪಲು ನಮಗೆ ಹಿಂಜರಿಕೆ. ಕಲಬುರಗಿ ಜಿಲ್ಲೆಯ ಹೆಸರನ್ನೆತ್ತಿದರಂತೂ ಕಣ್ಣಮುಂದೆ ನಿಲ್ಲುವ ಚಿತ್ರವೇ ಬೇರೆ: ಉರಿಬಿಸಿಲು, ಎರೆಭೂಮಿ, ತೊಗರಿಯ ಹೊಲ, ಶಹಾಬಾದಿನ ಫರಸಿಕಲ್ಲು, ವಾಡಿ ಜಂಕ್ಷನ್ನಿನ ಬಳಿ ಹೊಗೆ ಕಾರುವ ಚಿಮಣಿ. ಇದೇ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿ, ತೆಲಂಗಾಣದ ಗಡಿಗೆ ಒರಗಿಕೊಂಡು, 134.88 ಚದರ ಕಿಲೋಮೀಟರುಗಳ ಒಂದು ವನ್ಯಜೀವಿಧಾಮವಿದೆ ಎಂದರೆ ದಕ್ಷಿಣದ ಜಿಲ್ಲೆಗಳವರಿರಲಿ, ಕಲಬುರಗಿ ನಗರದವರಲ್ಲಿಯೇ ಎಷ್ಟೋ ಮಂದಿ ಅಚ್ಚರಿಪಡುವರು.

ಅದು ಚಿಂಚೋಳಿಯ ವನ್ಯಜೀವಿಧಾಮ. 2011ರಲ್ಲಿ ಸರ್ಕಾರ ಅದನ್ನು ಘೋಷಿಸಿತು. ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಜೀವಿಧಾಮವೆಂಬ ಹೆಗ್ಗಳಿಕೆ ಇದಕ್ಕೆ ಸಂದಿದೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿದ್ದು ಓದುಗರ ನೆನಪಿನಲ್ಲಿರಬಹುದು. ಆ ಸುದ್ದಿಯ ಅಬ್ಬರದಲ್ಲಿ ಚಿಂಚೋಳಿಯ ಘೋಷಣೆ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಆದರೆ ಕಲ್ಲನ್ನು ಅಗೆದು ಬದುಕುವ ನಾಡಿನಲ್ಲಿ ಕಾಡಿಗೂ ಒಂದು ಪಾಲು ಉಂಟೆಂದು ಬರೆದಿಟ್ಟ ಆ ಕಾಗದ ಸಾಮಾನ್ಯವಾದುದಲ್ಲ. ಅದು ಏಕೆ ಬೇಕಾಯಿತು, ಎಷ್ಟರಮಟ್ಟಿಗೆ ಸಾಕಾದೀತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕಲ್ಲಿನ ಕಥೆ

ಮೊದಲು ಕಲ್ಲಿನ ವಿಷಯ. ಕೋಟ್ಯಂತರ ವರ್ಷಗಳ ಹಿಂದೆ ಈ ಭಾಗದಲ್ಲಿ ಆಳವಿಲ್ಲದ ಕಡಲೊಂದಿತ್ತು. ಅದರ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ಶಿಲಾಸಮೂಹವೆಂದು ಕರೆಯುತ್ತಾರೆ. ಹಾಳೆ ಬಿಡಿಸಿದಂತೆ ಏಳುವ ಶಹಾಬಾದಿನ ಫರಸಿ ಇದೇ ಸಮೂಹಕ್ಕೆ ಸೇರಿದ್ದು. ಎಷ್ಟೋ ಕಾಲದ ಮೇಲೆ, ಈಗ್ಗೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ದಖ್ಖನಿನ ಮೇಲೆ ಹರಿದ ಜ್ವಾಲಾಮುಖಿಯ ದ್ರವ ಆ ಸುಣ್ಣಕಲ್ಲಿನ ಒಂದು ಭಾಗವನ್ನು ಮುಚ್ಚಿತು. ಆ ಕಪ್ಪುಕಲ್ಲು ಬಿಸಿಲುಮಳೆಗೆ ಸವೆದು ಕೆಲವೆಡೆ ಎರೆಮಣ್ಣಾಯಿತು, ಕೆಲವೆಡೆ ಗುಡ್ಡಗಳ ನೆತ್ತಿಯ ಮೇಲೆ ಕೆಂಪುಕಲ್ಲಾಗಿ ಉಳಿಯಿತು. ದಕ್ಷಿಣದಲ್ಲಿ ಸುಣ್ಣಕಲ್ಲು, ಉತ್ತರಕ್ಕೆ ಹೋದಂತೆ ಕಪ್ಪುಕಲ್ಲು, ಅದರ ತಲೆಯ ಮೇಲೆ ಕೆಂಪುಕಲ್ಲು, ಹೀಗೆ ಚಿಂಚೋಳಿ ತಾಲೂಕು ಮೂರು ಬಗೆಯ ನೆಲ ಕೂಡುವ ಜಾಗ.

ಈ ಕಲ್ಲು ನಾಡಿಗೆ ಮಾಡಿದ ಉಪಕಾರವನ್ನು ಮರೆಯಲಾಗದು. ಭೀಮಾ ತೀರದ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, 1994ರಿಂದ ನಡೆದ ಉತ್ಖನನದಲ್ಲಿ ಬೆಳಕಿಗೆ ಬಂದ ಬೌದ್ಧಸ್ತೂಪದ ಶಿಲ್ಪಗಳೆಲ್ಲ ಇದೇ ಸುಣ್ಣಕಲ್ಲಿನವು. ಅಶೋಕ ಚಕ್ರವರ್ತಿಯ ಹೆಸರನ್ನು ಅವನ ರೂಪದೊಡನೆ ಹೊತ್ತ ಶಿಲ್ಪ ದೊರೆತದ್ದು ಅಲ್ಲಿಯೇ. ರಾಷ್ಟ್ರಕೂಟರ ಮಾನ್ಯಖೇಟ ಇಂದಿನ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಮೇಲಿನ ಅದರ ಕೋಟೆಯ ಗೋಡೆಗಳಲ್ಲಿಯೂ ಈ ನೆಲದ ಕಲ್ಲೇ ಇದೆ. ಮುಂಬಯಿ, ಪುಣೆ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ ಬರಿಗಾಲಿಗೆ ತಂಪೆರೆಯುವ ನೆಲಗಟ್ಟು ಶಹಾಬಾದಿನದು. ಆದಕಾರಣ ಕಲ್ಲನ್ನು ತೆಗೆಯುವ ಕೆಲಸವೇ ಕೆಟ್ಟದ್ದೆಂದು ಹೇಳುವುದು ಇತಿಹಾಸಕ್ಕೂ ಅನ್ಯಾಯ, ಆ ಕೆಲಸದಲ್ಲಿ ಬೆನ್ನು ಬಾಗಿಸಿದ ಜನರಿಗೂ ಅನ್ಯಾಯ.

ಆದರೆ ಕಲ್ಲನ್ನು ಹಾಳೆಯಾಗಿ ಎಬ್ಬಿಸುವುದಕ್ಕೂ ಸುಟ್ಟು ಪುಡಿಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಜಾಮರ ಕಾಲದಲ್ಲಿಯೇ ಶಹಾಬಾದಿನಲ್ಲಿ ಸಿಮೆಂಟಿನ ಕಂಪನಿ ಏರ್ಪಟ್ಟಿತ್ತು. 1936ರಲ್ಲಿ ದೇಶದ ಹತ್ತು ಸಿಮೆಂಟು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದೂ ಅದರಲ್ಲಿ ಒಂದಾಗಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಬಂದಿತು. 1980ರ ದಶಕದಲ್ಲಿ ಮಳಖೇಡ, ಸೇಡಂಗಳ ಸರದಿ. 2010ರ ದಶಕದಲ್ಲಿ ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿಯೂ ಚಿಮಣಿ ಎದ್ದಿತು. ನಕಾಶೆಯ ಮೇಲೆ ಈ ಊರುಗಳನ್ನು ಒಂದಾದ ಮೇಲೊಂದರಂತೆ ಗುರುತಿಸಿದರೆ ಸಿಮೆಂಟಿನ ಉದ್ಯಮ ದಕ್ಷಿಣದ ರೈಲುದಾರಿಯನ್ನು ಬಿಟ್ಟು ಮೆಲ್ಲಮೆಲ್ಲನೆ ಉತ್ತರಕ್ಕೆ, ಎಂದರೆ ಕಾಡಿರುವ ದಿಕ್ಕಿಗೆ, ಸರಿದು ಬಂದುದು ಕಾಣುತ್ತದೆ. ಇದು ಯಾರೋ ಒಬ್ಬರ ಸಂಚಲ್ಲ. ಕಲ್ಲಿರುವಲ್ಲಿಗೆ ಉದ್ಯಮ ಹೋಗುವುದು ಸಹಜ. ಸಹಜವಾದುದಕ್ಕೆ ಎಲ್ಲೆಯನ್ನು ಯಾರಾದರೂ ತಿಳಿದು ಹಾಕಬೇಕಾಗುತ್ತದೆ.

ಸಿಮೆಂಟಿಗೆ ಸುಣ್ಣಕಲ್ಲೊಂದೇ ಸಾಲದೆಂಬುದನ್ನೂ ಇಲ್ಲಿ ಗಮನಿಸಬೇಕು. ಸುಮಾರು 1450 ಡಿಗ್ರಿ ಉಷ್ಣದಲ್ಲಿ ಬೇಯುವ ಆ ಮಿಶ್ರಣಕ್ಕೆ ಕಬ್ಬಿಣದ ಮತ್ತು ಅಲ್ಯುಮಿನಿಯಮಿನ ಅಂಶಗಳು ಬೇಕು. ಅವನ್ನು ಒದಗಿಸಲು ಕೆಂಪುಕಲ್ಲನ್ನೂ ಕೆಂಪುಮಣ್ಣನ್ನೂ ಬೆರೆಸುವ ಪದ್ಧತಿಯುಂಟು. ಹೀಗಾಗಿ ಬಯಲಿನ ಸುಣ್ಣಕಲ್ಲಿಗೆ ಬೆಲೆ ಬಂದ ದಿನವೇ ಗುಡ್ಡದ ನೆತ್ತಿಯ ಕೆಂಪುಕಲ್ಲಿಗೂ ಬೆಲೆ ಬಂದಂತಾಯಿತು. ಮತ್ತೊಂದು ಸಂಗತಿ: ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಅದರಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಸೇರುತ್ತದೆ, ಒಲೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಇದರ ಲೆಕ್ಕಕ್ಕೆ ಸೇರಿಲ್ಲ. ಅಂತಹ ಉದ್ಯಮದ ನೆರೆಯಲ್ಲಿ ಗಾಳಿಯ ಇಂಗಾಲವನ್ನು ಹೀರಿ ಮರವಾಗಿಸುವ ಕಾಡು ಇದ್ದರೆ ಅದನ್ನು ಅಡ್ಡಿಯೆಂದು ಎಣಿಸುವುದಕ್ಕಿಂತ ಜೊತೆಗಾರನೆಂದು ಎಣಿಸುವುದೇ ನ್ಯಾಯ.

ಬೇಸಗೆಯ ಕಾಡು, ಮಳೆಗಾಲದ ಕಾಡು

ಕುಂಚಾವರಂ ಗುಡ್ಡಗಳ ಈ ಕಾಡು ಎಲೆ ಉದುರಿಸುವ ಜಾತಿಯದು. ಸಾಗುವಾನಿ, ಮತ್ತಿ, ಮುತ್ತುಗ, ಬೀಡಿ ಎಲೆಯ ಮರ, ಜಾಲಿ, ಸೀತಾಫಲ ಇಲ್ಲಿ ಬೆಳೆಯುವ ಗಿಡಮರಗಳಲ್ಲಿ ಕೆಲವು. ಮಾಘ ಕಳೆದೊಡನೆ ಎಲೆಗಳು ಉದುರತೊಡಗುತ್ತವೆ. ಮುತ್ತುಗವೊಂದು ಕೆಂಡದಂತಹ ಹೂವನ್ನು ಹೊತ್ತು ನಿಂತಿರುತ್ತದೆ. ಉಳಿದುದೆಲ್ಲ ಬರಿಯ ಕಡ್ಡಿ. ಚೈತ್ರ ವೈಶಾಖಗಳಲ್ಲಿ ಇಲ್ಲಿಗೆ ಬಂದವನು, ಅದರಲ್ಲಿಯೂ ಹಸಿರಿನ ಲೆಕ್ಕವನ್ನು ತೆಗೆದುಕೊಳ್ಳಲೆಂದು ಬಂದವನು, ಇಲ್ಲಿ ಕಾಯಬೇಕಾದುದು ಏನೂ ಇಲ್ಲವೆಂದು ಬರೆದುಕೊಂಡು ಹೋದರೆ ಆಶ್ಚರ್ಯವಿಲ್ಲ. ಆದರೆ ಎಲೆ ಉದುರಿಸುವುದು ಒಣನಾಡಿನ ಮರದ ಜಾಣತನ. ನೀರು ಉಗಿಯಾಗಿ ಹೋಗುವ ಬಾಗಿಲನ್ನು ಮುಚ್ಚಿ ಅದು ಆಷಾಢದ ಮಳೆಗಾಗಿ ಕಾಯುತ್ತದೆ. ಮಳೆ ಬಿದ್ದ ಎರಡೇ ವಾರದಲ್ಲಿ ಗುಡ್ಡವೆಲ್ಲ ಹಸಿರಾಗಿ, ಎತ್ತಿಪೋತದಲ್ಲಿಯೂ ಮಾಣಿಕಪುರದಲ್ಲಿಯೂ ಜಲಪಾತಗಳು ಧುಮುಕುವಾಗ, ಬೇಸಗೆಯಲ್ಲಿ ನೋಡಿದ ಸ್ಥಳ ಇದೇ ಹೌದೇ ಎಂಬ ಅನುಮಾನ ಬರುವುದು.

ಉದುರಿದ ಎಲೆ ಕಸವಾಗಿ ಕಾಣುತ್ತದೆ. ಅದರ ಕೆಲಸವನ್ನು ನೋಡಬೇಕು. ಈ ನಾಡಿನ ಮಳೆ ಸಣ್ಣಗೆ ದಿನವಿಡೀ ಸುರಿಯುವಂಥದಲ್ಲ. ಬಂದರೆ ಒಂದೆರಡು ಗಂಟೆಗಳಲ್ಲಿ ಹುಯ್ಯುತ್ತದೆ. ಬೋಳುಗುಡ್ಡದ ಮೇಲೆ ಬಿದ್ದ ಅಂತಹ ಮಳೆ ಮಣ್ಣನ್ನು ಕೊಚ್ಚಿಕೊಂಡು ಸಂಜೆಯೊಳಗೆ ಹಳ್ಳ ಸೇರುವುದು. ಎಲೆಯ ಹೊದಿಕೆಯೂ ಬೇರಿನ ಜಾಲವೂ ಇದ್ದ ಕಡೆ ಅದು ತಡೆದು ನಿಂತು ಇಂಗುವುದು. ಈ ಗುಡ್ಡಗಳ ಸೆರಗಿನಲ್ಲಿಯೇ ಚಂದ್ರಂಪಳ್ಳಿಯ ಜಲಾಶಯವಿದೆ. ಅದಕ್ಕೆ ಬರುವ ನೀರು ಈ ಕಾಡಿನ ಇಳಿಜಾರಿನದು. ಮೇಲಿನ ಹೊದಿಕೆ ಹೋದರೆ ಜಲಾಶಯಕ್ಕೆ ನೀರು ಬಾರದೆಂದಲ್ಲ. ನೀರಿಗಿಂತ ಹೆಚ್ಚಾಗಿ ಹೂಳು ಬರುವುದು. ಹಳ್ಳಗಳ ನೀರು ಮುಲ್ಲಾಮಾರಿ ನದಿಗೆ, ಮುಲ್ಲಾಮಾರಿ ಕಾಗಿಣೆಗೆ, ಕಾಗಿಣೆ ಭೀಮೆಗೆ. ಚಿಂಚೋಳಿಯ ಗುಡ್ಡದ ಮೇಲೆ ಒಂದು ಮರ ನಿಂತಿದೆಯೋ ಬಿದ್ದಿದೆಯೋ ಎಂಬ ಪ್ರಶ್ನೆ ಸೇಡಂ, ಚಿತ್ತಾಪುರ, ಶಹಾಬಾದುಗಳ ಹೊಳೆದಂಡೆಯ ರೈತನಿಗೂ ಸಂಬಂಧಪಟ್ಟದ್ದೇ.

ಕೆಂಪುಕಲ್ಲಿನ ಗುಣವನ್ನು ತಿಳಿಯಬೇಕಾದರೆ ನೆರೆಯ ಬೀದರಿಗೆ ಹೋಗಬೇಕು. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ಬಳಿ ತೋಡಿದ ಕರೇಜು, ಎಂದರೆ ನೆಲದೊಳಗಿನ ನೀರಿನ ಸುರಂಗ, ಇಂದಿಗೂ ಅಲ್ಲಿದೆ. ಪರ್ಷಿಯಾ ದೇಶದಿಂದ ಬಂದ ಆ ವಿದ್ಯೆ ಬೀದರಿನಲ್ಲಿ ಏಕೆ ಫಲಿಸಿತು? ಮೇಲಿರುವ ಕೆಂಪುಕಲ್ಲು ರಂಧ್ರಮಯವಾದುದು, ಸ್ಪಂಜಿನಂತೆ ಮಳೆನೀರನ್ನು ಹೀರುತ್ತದೆ. ಕೆಳಗಿರುವ ಕಪ್ಪುಕಲ್ಲು ಗಟ್ಟಿ, ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದು. ಎರಡೂ ಕೂಡುವ ಮಟ್ಟದಲ್ಲಿ ನೀರು ನಿಲ್ಲುತ್ತದೆ, ಸಿಕ್ಕಿದ ಕಡೆ ಒರತೆಯಾಗಿ ಹೊರಬೀಳುತ್ತದೆ. ಕಲ್ಲಿನ ಈ ಜೋಡಣೆ ಇರುವಲ್ಲೆಲ್ಲ ಇದೇ ನಿಯಮ. ಕೆಂಪುಕಲ್ಲಿನ ಟೋಪಿಯನ್ನು ತೆಗೆದ ಗುಡ್ಡ ನೀರಿನ ತೊಟ್ಟಿಯನ್ನೇ ಕಳೆದುಕೊಂಡಂತೆ. ಮರವನ್ನು ಮತ್ತೆ ನೆಡಬಹುದು. ಲಕ್ಷಾಂತರ ವರ್ಷಗಳಲ್ಲಿ ಆದ ಆ ಕಲ್ಲನ್ನು ಯಾವ ಯೋಜನೆಯೂ ಮತ್ತೆ ಹೊದಿಸಲಾರದು.

ಇನ್ನು ಪ್ರಾಣಿಗಳು. ಹುಲಿಯಿಲ್ಲ, ಆನೆಯಿಲ್ಲ, ಆದುದರಿಂದ ಹೆಸರೂ ಇಲ್ಲ. ಇರುವುವು ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿ. ಇವುಗಳಲ್ಲಿ ಕೊಂಡಕುರಿ ವಿಶೇಷವಾದ ಜೀವಿ. ಗಂಡಿಗೆ ನಾಲ್ಕು ಕೊಂಬು. ದನಕುರಿಹುಲ್ಲೆಗಳ ವಂಶದಲ್ಲಿ ಇಂತಹ ಕಾಡುಪ್ರಾಣಿ ಪ್ರಪಂಚದಲ್ಲಿ ಬೇರೊಂದಿಲ್ಲ. ಭಾರತ, ನೇಪಾಳಗಳ ಹೊರಗೆ ಅದು ಕಾಣಸಿಗದು. ಹಿಂಡು ಕಟ್ಟದೆ ಒಂಟಿಯಾಗಿ ಓಡಾಡುವ, ನೀರಿನ ಸಮೀಪವನ್ನು ಬಿಟ್ಟು ದೂರ ಹೋಗದ, ನಾಚಿಕೆಯ ಸ್ವಭಾವದ ಈ ಪ್ರಾಣಿಗೆ ಬೇಕಾದದ್ದು ಇಂತಹ ಒಣಕಾಡೇ ಹೊರತು ಮಲೆನಾಡಿನ ದಟ್ಟ ಕಾಡಲ್ಲ. ತೋಳದ ರೀತಿ ಇನ್ನೊಂದು. ಅದು ಕುರಿಗಾರರ ಹಿಂದೆ ಬಯಲಿನಲ್ಲಿ ಅಲೆಯುತ್ತದೆ, ಕುರುಚಲಿನಲ್ಲಿ ಮರಿಹಾಕುತ್ತದೆ. ಒಣಕಾಡು, ಕುರುಚಲು, ಹುಲ್ಲುಗಾವಲು ಇವನ್ನು ಕಳೆದುಕೊಂಡರೆ ಅದಕ್ಕೆ ಆಗುಂಬೆಯೂ ನಾಗರಹೊಳೆಯೂ ಆಸರೆಯಾಗಲಾರವು.

ಬಂಜರೆಂಬ ಹೆಸರು

ಒಣಕಾಡಿಗೆ ಕೊಡಲಿಗಿಂತ ದೊಡ್ಡ ಶತ್ರು ಒಂದಿದೆ. ಅದು ಕಂದಾಯದ ದಫ್ತರದ ಭಾಷೆ. ತೆರಿಗೆ ಕೊಡದ ನೆಲವನ್ನೆಲ್ಲ ಬಂಜರೆಂದು ಬರೆಯುವುದು ಬ್ರಿಟಿಷರ ಆಡಳಿತದಲ್ಲಿಯೂ ನಿಜಾಮರ ಆಡಳಿತದಲ್ಲಿಯೂ ವಾಡಿಕೆಯಾಗಿತ್ತು. ಊರಿನ ದನಗಳು ಮೇಯುವ ಗಾಯರಾಣವೂ ಕುರುಚಲು ಗುಡ್ಡವೂ ಆ ಹೆಸರಿನ ಕೆಳಗೆ ಬಂದುವು. 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ದಫ್ತರದ ಮಾತು ಉರ್ದುವಿನಿಂದ ಕನ್ನಡಕ್ಕೆ ಬಂದಿತು. ಆದರೆ ಬಂಜರೆಂಬ ಭಾವನೆ ಬದಲಾಗಲಿಲ್ಲ. ಬಂಜರೆಂದು ಒಮ್ಮೆ ಬರೆದ ಮೇಲೆ ಅದನ್ನು ಯಾರಿಗಾದರೂ ಕೊಡಬಹುದು. ಕೊಟ್ಟರೆ ನಷ್ಟವೇನೆಂದು ಕೇಳುವವರಿಲ್ಲ.

ಮಲೆನಾಡಿನಲ್ಲಿ ನಡೆದ ಒಂದು ದೊಡ್ಡ ವ್ಯಾಜ್ಯದೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುವುದು. ಕುದುರೆಮುಖದ ಕಬ್ಬಿಣದ ಅದಿರಿಗೆ 1969ರಲ್ಲಿ ಮೂವತ್ತು ವರ್ಷಗಳ ಗುತ್ತಿಗೆ ದೊರೆಯಿತು. ಇರಾನಿನೊಡನೆ ಒಪ್ಪಂದವಾಗಿ, 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪಿತವಾಯಿತು. ಕಾಡಿನ ನಡುವೆ ನಗರವೊಂದು ಎದ್ದಿತು. ಮಂಗಳೂರಿನ ಬಂದರಿನವರೆಗೆ ಕೊಳವೆಯಲ್ಲಿ ಅದಿರಿನ ರಾಡಿ ಹರಿಯಿತು. ಗಣಿ ನಡೆಯುತ್ತಿರುವಾಗಲೇ, 1987ರಲ್ಲಿ, ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಮೊದಲ ಅಧಿಸೂಚನೆ ಹೊರಟಿತು. ಗುತ್ತಿಗೆ ಮುಗಿದ ಮೇಲೆ ಅದನ್ನು ಮುಂದುವರಿಸಬೇಕೆಂಬ ಪ್ರಯತ್ನ ನಡೆಯಿತು. ನಾಗರಹೊಳೆಯಲ್ಲಿ ವಲಯಾರಣ್ಯಾಧಿಕಾರಿಯಾಗಿ ದುಡಿದು ನಿವೃತ್ತರಾಗಿದ್ದ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು. 2005ರ ಕೊನೆಯ ದಿನ ಗಣಿ ನಿಂತಿತು.

ಆ ವ್ಯಾಜ್ಯದಲ್ಲಿ ಕಾಡಿನ ಪರವಾಗಿ ಹೇಳಬೇಕಾದುದನ್ನು ಕಾಡೇ ಹೇಳುತ್ತಿತ್ತು. ತುಂಗೆ, ಭದ್ರೆ, ನೇತ್ರಾವತಿಯರ ಉಗಮ, ಸಿಂಗಳೀಕದ ನೆಲೆ, ನಿತ್ಯಹರಿದ್ವರ್ಣದ ಶೋಲಾ ಕಾಡು ಇವುಗಳ ಚಿತ್ರವನ್ನು ತೋರಿಸಿದರೆ ದಿಲ್ಲಿಯವನ ಮನಸ್ಸೂ ಕರಗುತ್ತಿತ್ತು. ಚಿಂಚೋಳಿಗೆ ಆ ಸೌಲಭ್ಯವಿಲ್ಲ. ಇಲ್ಲಿಯ ಬೇಸಗೆಯ ಚಿತ್ರವನ್ನು ನ್ಯಾಯಾಲಯದ ಮುಂದಿಟ್ಟರೆ ಅದು ಎದುರು ಪಕ್ಷದ ಸಾಕ್ಷಿಯಾಗುವ ಅಪಾಯವೇ ಹೆಚ್ಚು. ಚೆಲುವಿನಿಂದಲ್ಲದೆ ಉಪಯೋಗದ ತಿಳಿವಿನಿಂದಲೂ ನೆರೆಹೊರೆಯ ಜನರ ಮಮತೆಯಿಂದಲೂ ಉಳಿಯಬೇಕಾದ ಕಾಡು ಇದು.

ಅಂತಹ ಮಮತೆ ಏನು ಮಾಡಬಲ್ಲದೆಂಬುದಕ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡ ನಿದರ್ಶನ. ಅದೂ ಒಣನಾಡಿನ ಗುಡ್ಡ; ಕುರುಚಲು ಕಾಡು, ಔಷಧದ ಗಿಡಗಳು, ಮಣ್ಣಿನಡಿಯಲ್ಲಿ ಚಿನ್ನದ ಅಂಶ. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ತನ್ನ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ರೈತರು, ವಿದ್ಯಾರ್ಥಿಗಳು, ಲೇಖಕರು ಹಿಂದೆ ನಡೆದರು. 2017ರಲ್ಲಿ ರಕ್ಷಣೆ ಮರಳಿತು, 2019ರಲ್ಲಿ 244.15 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಆ ಘೋಷಣೆಯನ್ನು ಕಾಣಲು ಸ್ವಾಮಿಗಳು ಉಳಿದಿರಲಿಲ್ಲ. ಅವರು 2018ರಲ್ಲಿ ಲಿಂಗೈಕ್ಯರಾಗಿದ್ದರು. ಕಾಗದದ ಮೇಲಿನ ರಕ್ಷಣೆಯನ್ನು ಇನ್ನೊಂದು ಕಾಗದ ಅಳಿಸಬಲ್ಲದೆಂಬುದು ಕಪ್ಪತಗುಡ್ಡದ ಮೊದಲ ಪಾಠ. ಅಳಿಸಿದುದನ್ನು ಜನರು ಮತ್ತೆ ಬರೆಯಿಸಬಲ್ಲರೆಂಬುದು ಎರಡನೆಯದು.

ಕಾಯಿದೆಯ ಬೇಲಿ

ಚಿಂಚೋಳಿಗೆ ಇಂದು ಕಾಯಿದೆಯ ಬೆಂಬಲ ಸಾಕಷ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದ ಗಡಿಯನ್ನು ರಾಜ್ಯ ಸರ್ಕಾರ ತನ್ನಷ್ಟಕ್ಕೆ ತಾನೇ ಬದಲಾಯಿಸುವಂತಿಲ್ಲ; ರಾಷ್ಟ್ರೀಯ ಮಂಡಳಿಯ ಶಿಫಾರಸು ಬೇಕು. 2023ರ ಏಪ್ರಿಲ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ವನ್ಯಜೀವಿಧಾಮದ ಒಳಗೂ ಅದರ ಗಡಿಯಿಂದ ಒಂದು ಕಿಲೋಮೀಟರಿನವರೆಗೂ ಗಣಿಗಾರಿಕೆ ಕೂಡದೆಂದು ವಿಧಿಸಿದೆ. ಹಿಂದಿನ ವರ್ಷ ಎಲ್ಲ ರಕ್ಷಿತ ಕಾಡುಗಳ ಸುತ್ತ ಒಂದೇ ಅಳತೆಯ ಸೂಕ್ಷ್ಮವಲಯವಿರಬೇಕೆಂದು ಹೇಳಿದ್ದ ಆದೇಶವನ್ನು ಅದೇ ತೀರ್ಪು ಸಡಿಲಿಸಿತು. ಹಳ್ಳಿಯ ಮನೆಕಟ್ಟು, ಬೇಸಾಯ, ರಸ್ತೆಗಳಿಗೆ ತೊಡಕಾಗಬಾರದೆಂಬುದು ಅದರ ಕಾರಣ. ಆದರೆ ಗಣಿಯ ವಿಷಯದಲ್ಲಿ ಸಡಿಲಿಕೆ ತೋರಿಸಲಿಲ್ಲ. ಇದು ನೆನಪಿಡಬೇಕಾದ ಭೇದ. ರೈತನ ನೇಗಿಲನ್ನೂ ಗಣಿಯ ಯಂತ್ರವನ್ನೂ ನ್ಯಾಯಾಲಯ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

ಇಷ್ಟಾದ ಮೇಲೆ ನಿಶ್ಚಿಂತರಾಗಿರಬಹುದೇ? ಇರಲಾಗದೆಂದೇ ಹೇಳಬೇಕು. ಒಂದು ಕಿಲೋಮೀಟರೆಂಬುದು ಮನುಷ್ಯನ ಅಳತೆ. ಧೂಳು ಗಾಳಿಯ ದಿಕ್ಕನ್ನು ನೋಡುತ್ತದೆ, ಗಡಿಕಲ್ಲನ್ನು ನೋಡದು. ಆಳದ ಹೊಂಡದಿಂದ ದಿನವೂ ನೀರನ್ನು ಎತ್ತಿ ಹೊರಗೆ ಚೆಲ್ಲಿದರೆ ಬಿರುಕುಬಿಟ್ಟ ಸುಣ್ಣಕಲ್ಲಿನೊಳಗಿನ ನೀರು ಸುತ್ತಲ ಬಾವಿಗಳಿಂದಲೂ ಆ ಕಡೆಗೆ ಜಾರುತ್ತದೆ. ತೋಳವೋ ಗಡಿಯ ಒಳಗೆ ಇರುವುದಕ್ಕಿಂತ ಹೊರಗೆ ಇರುವುದೇ ಹೆಚ್ಚು. ಆದುದರಿಂದ ಗಡಿಯಾಚೆಯ ಗಾಯರಾಣ, ಹಳ್ಳದ ದಂಡೆ, ಕೆಂಪುಗುಡ್ಡಗಳನ್ನು ಕಾಡಿನ ಅಂಗಳವೆಂದು ಭಾವಿಸದಿದ್ದರೆ ಒಳಗಿನ 134 ಚದರ ಕಿಲೋಮೀಟರು ನಾಲ್ಕು ಕಡೆಯೂ ಹೊಂಡಗಳಿರುವ ನಡುಗಡ್ಡೆಯಾದೀತು.

ತಾಂಡಾದ ಜನರು

ಕಾಡನ್ನು ಕುರಿತು ಮಾತಾಡುವವರು ಬಹಳ ಸಲ ಕಾಡಿನಲ್ಲಿರುವ ಜನರನ್ನು ಮರೆಯುವುದುಂಟು. ಚಿಂಚೋಳಿಯ ಕಾಡಿನ ಒಳಗೂ ಅಂಚಿಗೂ ಲಂಬಾಣಿ ತಾಂಡಾಗಳಿವೆ. ಒಂದು ಕಾಲದಲ್ಲಿ ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೊರೆಗಳ ದಂಡಿಗೆ ಒದಗಿಸುತ್ತಿದ್ದ ಜನ ಇವರು. ರೈಲು ಬಂದ ಮೇಲೆ ಆ ವೃತ್ತಿ ಹೋಯಿತು. ಕಾಡಂಚಿನಲ್ಲಿ ನೆಲೆ ಹುಡುಕಿದರು. ದನ ಮೇಯಿಸುವುದು, ಬೀಡಿ ಎಲೆ, ಸೀತಾಫಲ ಕೂಡಿಹಾಕುವುದು, ಮಳೆ ಕೈಕೊಟ್ಟ ವರ್ಷ ಪುಣೆ ಮುಂಬಯಿ ಹೈದರಾಬಾದುಗಳಿಗೆ ಗುಳೆ ಹೋಗುವುದು, ಇದು ಅವರ ಬದುಕಿನ ಚಕ್ರ.

2006ರ ಅರಣ್ಯ ಹಕ್ಕು ಕಾಯಿದೆ ಇಂಥವರ ಸಲುವಾಗಿಯೇ ಬಂದುದು. ಆದರೆ ಅದರಲ್ಲೊಂದು ವಿಚಿತ್ರವಿದೆ. ತೆಲಂಗಾಣದಲ್ಲಿ ಲಂಬಾಡಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಕರ್ನಾಟಕದಲ್ಲಿ ಅದೇ ಜನ ಪರಿಶಿಷ್ಟ ಜಾತಿಗೆ ಸೇರಿದವರು. ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ನೆಲದಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಇತರರಾದರೆ ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಇದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಗುಡ್ಡದ ಆ ಮಗ್ಗುಲಿನ ಅಣ್ಣನಿಗೆ ಒಂದು ನ್ಯಾಯ, ಈ ಮಗ್ಗುಲಿನ ತಮ್ಮನಿಗೆ ಒಂದು ನ್ಯಾಯ. ನಿಜಾಮರ ಕಾಲದ ಕಾಗದವನ್ನು ಓದುಬರಹ ತಿಳಿಯದ ತಾಂಡಾದ ಮುದುಕಿ ಎಲ್ಲಿಂದ ತಂದಾಳು?

ಇದು ಗಣಿಯ ಪ್ರಶ್ನೆಗೆ ಸಂಬಂಧವಿಲ್ಲದ ಮಾತೆಂದು ಯಾರೂ ತಿಳಿಯಬಾರದು. ಕಾಡಿನಿಂದ ಎಲೆ ತಂದರೆ ದಂಡ, ದನ ಮೇಯಿಸಿದರೆ ಗದರಿಕೆ, ಮನೆಗೆ ಹಕ್ಕುಪತ್ರವಿಲ್ಲ, ಹೀಗಿರುವವನ ಬಳಿಗೆ ನಾಳೆ ಯಾರಾದರೂ ಬಂದು ದುಡಿಮೆ ಕೊಡುತ್ತೇವೆ, ಕಾಡನ್ನು ಬಿಟ್ಟುಕೊಡಲು ಒಪ್ಪು ಎಂದರೆ ಅವನು ಯಾವ ಕಾರಣಕ್ಕಾಗಿ ಬೇಡವೆನ್ನಬೇಕು? ಕಪ್ಪತಗುಡ್ಡ ಉಳಿದದ್ದು ಸುತ್ತಲ ಹಳ್ಳಿಯವರು ಅದನ್ನು ತಮ್ಮದೆಂದು ಎಣಿಸಿದ್ದರಿಂದ. ಚಿಂಚೋಳಿಯ ಕಾಡು ಅರಣ್ಯ ಇಲಾಖೆಯದೆಂಬ ಭಾವನೆ ಬೇರೂರಿದರೆ ಅದನ್ನು ಕಾಯುವವರು ಇಲಾಖೆಯ ಕಾವಲುಗಾರರು ಮಾತ್ರ. ಅಷ್ಟು ಜನ ಸಾಲದು.

ದುಡಿಮೆಯ ಮಾತು ಹಗುರವಲ್ಲ. ಸೇಡಂ, ವಾಡಿ, ಮಳಖೇಡಗಳಲ್ಲಿ ಸಿಮೆಂಟಿನಿಂದ ಸಾವಿರಾರು ಒಲೆಗಳು ಉರಿಯುತ್ತಿವೆ. ಹಿಂದುಳಿದ ಜಿಲ್ಲೆಗೆ ಉದ್ಯಮ ಬೇಡವೆನ್ನುವ ಅಧಿಕಾರ ಹೊಟ್ಟೆ ತುಂಬಿದ ಊರಿನವರಿಗಿಲ್ಲ. ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಗಣಿಗೆ ಆಯುಸ್ಸುಂಟು. ಕುದುರೆಮುಖದ ಗಣಿ ನಿಂತ ಮೇಲೆ ಆ ನಗರ ಖಾಲಿಯಾಯಿತು. ಶಾಲೆ, ಅಂಗಡಿ, ವಸತಿಗೃಹಗಳು ಮೌನವಾದುವು. ಸುಣ್ಣಕಲ್ಲಿನ ಹೊಂಡವೂ ಒಂದು ದಿನ ತಳ ಕಾಣುವುದು. ಆ ದಿನ ಉಳಿದಿರಬೇಕಾದವು ಹೊಲ, ಹೊಲಕ್ಕೆ ನೀರು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಈ ಮಣ್ಣು, ಈ ಹವೆ ಇಲ್ಲದೆ ಆ ರುಚಿಯಿಲ್ಲವೆಂಬುದೇ ಅದರ ಅರ್ಥ. ಕಲ್ಲಿಗೆ ಅಂತಹ ಪುನರ್ಜನ್ಮವಿಲ್ಲ. ತೊಗರಿ ವರ್ಷವರ್ಷವೂ ಹುಟ್ಟುತ್ತದೆ.

ಆಗಬೇಕಾದುದು

ಸಾಧ್ಯವಾದ ಕೆಲಸಗಳು ಕೆಲವು ಕಣ್ಣೆದುರಿಗೇ ಇವೆ. ವನ್ಯಜೀವಿಧಾಮದ ಗಡಿಯೂ ಅದರಾಚೆಯ ಒಂದು ಕಿಲೋಮೀಟರಿನ ಗೆರೆಯೂ ಎಲ್ಲಿ ಹಾದುಹೋಗುತ್ತವೆಂಬುದನ್ನು ಪ್ರತಿಯೊಂದು ಗ್ರಾಮಸಭೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಕುಂಚಾವರಂ ಕಡೆಯ ಊರುಗಳಲ್ಲಿ ತೆಲುಗಿನಲ್ಲಿಯೂ ಬರೆಯಬೇಕು. ತಿಳಿಯದ ಗೆರೆಯನ್ನು ಯಾರೂ ಕಾಯಲಾರರು. ಅರಣ್ಯ ಹಕ್ಕಿನ ಅರ್ಜಿಗಳಲ್ಲಿ ಕಾಗದವೊಂದನ್ನೇ ಕೇಳದೆ ಊರಿನ ಹಿರಿಯರ ಹೇಳಿಕೆಯನ್ನೂ ಹಳೆಯ ಗುಡಿ, ಗೋರಿ, ಬಾವಿಗಳ ಗುರುತನ್ನೂ ಮನ್ನಿಸಬೇಕು. ಅದಕ್ಕೆ ಕಾಯಿದೆಯ ನಿಯಮಗಳಲ್ಲಿಯೇ ಅವಕಾಶವಿದೆ.

2015ರ ತಿದ್ದುಪಡಿಯ ತರುವಾಯ ಗಣಿ ನಡೆಸುವವರು ರಾಯಧನದ ಒಂದು ಅಂಶವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕಾಗಿದೆ. ಹಳೆಯ ಗುತ್ತಿಗೆಗಳಿಗೆ ಅದು ರಾಯಧನದ 30 ಭಾಗ, ಹರಾಜಿನಲ್ಲಿ ಪಡೆದವಕ್ಕೆ 10 ಭಾಗ, ನೂರಕ್ಕೆ. ಸಿಮೆಂಟಿನ ನಾಡಿನಲ್ಲಿ ಈ ಮೊತ್ತ ಸಣ್ಣದಾಗಲಾರದು. ಅದರಲ್ಲಿ ಒಂದು ಪಾಲನ್ನು ಕಾಡಂಚಿನ ಹಳ್ಳಿಗಳ ಕೆರೆಯ ಹೂಳೆತ್ತಲು, ಗಾಯರಾಣಗಳಲ್ಲಿ ಹುಲ್ಲು ಬೆಳೆಸಲು, ಕೆಲಸ ಮುಗಿದ ಹೊಂಡಗಳನ್ನು ಮುಚ್ಚಲು ಅಥವಾ ಕೆರೆಯಾಗಿ ತಿದ್ದಲು ತೆಗೆದಿಟ್ಟರೆ ಕಲ್ಲು ತೆಗೆದ ಹಣ ಕಲ್ಲಿನ ಗಾಯಕ್ಕೆ ಮುಲಾಮಾಗುವುದು. ಹೊಸ ಹೊಂಡ ತೋಡುವ ಮೊದಲು ಹಳೆಯ ಹೊಂಡದ ಲೆಕ್ಕ ಒಪ್ಪಿಸುವುದು ವಾಡಿಕೆಯಾಗಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಈ ಕಾಡು ಜಿಲ್ಲೆಯ ಜನರಿಗೆ ಪರಿಚಿತವಾಗಬೇಕು. ಕಲಬುರಗಿ, ಸೇಡಂ, ಚಿತ್ತಾಪುರಗಳ ಶಾಲೆಯ ಮಕ್ಕಳು ಮೈಸೂರಿನ ಮೃಗಾಲಯಕ್ಕೆ ಪ್ರವಾಸ ಹೋಗುತ್ತಾರೆ, ಸಂತೋಷ. ಒಮ್ಮೆ ವೈಶಾಖದಲ್ಲಿಯೂ ಮತ್ತೊಮ್ಮೆ ಶ್ರಾವಣದಲ್ಲಿಯೂ ಅವರನ್ನು ಚಂದ್ರಂಪಳ್ಳಿಯ ಏರಿಯ ಮೇಲೆ ನಿಲ್ಲಿಸಿ ಎದುರಿನ ಗುಡ್ಡವನ್ನು ತೋರಿಸಬೇಕು. ಸತ್ತಂತೆ ಕಂಡ ಮರ ಸತ್ತಿರಲಿಲ್ಲವೆಂಬುದನ್ನು ಕಣ್ಣಾರೆ ಕಂಡ ಮಗು ದೊಡ್ಡದಾಗಿ ದಫ್ತರದಲ್ಲಿ ಕುಳಿತಾಗ, ಅಂತಹ ನೆಲದ ಹೆಸರಿನ ಮುಂದೆ ಬಂಜರೆಂದು ಬರೆಯುವ ಮೊದಲು ಒಂದು ಗಳಿಗೆ ಲೇಖನಿಯನ್ನು ತಡೆದೀತು.

ಶಹಾಬಾದಿನ ಫರಸಿ ಬೇಕಾದರೆ ಯಾವ ಊರಿಗಾದರೂ ಹೋಗುತ್ತದೆ, ಅಲ್ಲಿಯ ನೆಲವಾಗುತ್ತದೆ. ಕುಂಚಾವರಂ ಗುಡ್ಡದ ಕಾಡು ಹಾಗೆ ಹೋಗಲಾರದು. ಅದನ್ನು ಅಲ್ಲಿಯೇ, ಆ ಕೆಂಪುನೆಲದ ಮೇಲೆಯೇ, ಆ ಜನರ ನಡುವೆಯೇ ಉಳಿಸಿಕೊಳ್ಳಬೇಕು.